ಮರಿಯಾಳ ಪರ್ಸಿನಲ್ಲಿ ಅರವತ್ತು ಪೆನ್ಸ್

ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ನ 15 ಕಥೆಗಳಲ್ಲಿ 11 ನನ್ನ ಕೈಯಲ್ಲಿ ಕನ್ನಡಕ್ಕೆ ಬಂದು ಕೂತಿವೆ. ಎರಡು ಅರ್ಧಕ್ಕೆ ನಿಂತಿವೆ, ಇನ್ನೆರಡನ್ನು ಮುಟ್ಟಿಲ್ಲ. ಇದು ಅನುವಾದದಲ್ಲಿ ಕೈಸುಟ್ಟುಕೊಂಡವರಿಗೆ ಬರೆದದ್ದು, ಹಾಗಾಗಿ ಜಾಯ್ಸ್ ಯಾರು, ಎಪಿಫನಿ ಎಂಬ ದಿಢೀರ್ ಅರಿವು ಎಂದರೇನು ಎಂಬ ಪಾಠ ಇಲ್ಲಿಲ್ಲ. ಡಬ್ಲಿನ್ ನಗರದ ಗುಮಾಸ್ತರು, ಬೋರ್ಡಿಂಗ್ ಮನೆಯ ಯಜಮಾನಿ, ಬಿಟ್ಟಿ ಕುಡಿಯುವ ಗೆಳೆಯರು ಕನ್ನಡದಲ್ಲಿ ಬೇರೆಬೇರೆ ಮನುಷ್ಯರಾಗಿ ಕೇಳಿಸುವಂತೆ ಮಾಡಿದ್ದು ಹೇಗೆ ಎನ್ನುವುದಷ್ಟೇ ವಿಷಯ. ಒಂದು ವಾಕ್ಯವನ್ನೂ ಅನುವಾದಿಸುವ ಮೊದಲು ಪ್ರತಿ ಪಾತ್ರಕ್ಕೂ ಒಂದು ಖಾತೆ ತೆರೆದು ಅವರ ಜೇಬಿನ ಜಮಾ-ಖರ್ಚು ಬರೆದೆ. ಜೊತೆಯವರು ನಕ್ಕರು. ಸಾಹಿತ್ಯವೋ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೋ ಎಂದರು. ಉದ್ರಿ ಪುಸ್ತಕವೇ. ಕೆಲಸಕ್ಕೆ ಬಂದದ್ದೂ ಅದೇ.

ಮೊದಲ ಕರಡು ಕೆಟ್ಟದ್ದು ಊರು ಬದಲಿಸಿದ್ದರಿಂದ. ‘ಕ್ಲೇ’ ಕಥೆಯ ಮರಿಯಾಳನ್ನು ಮರಿಯಮ್ಮ ಮಾಡಿ, ಅವಳು ಕೆಲಸ ಮಾಡುವ ಲಾಂಡ್ರಿಯನ್ನು ಬೆಂಗಳೂರಿನ ಯಾವುದೋ ಮಿಷನ್ನಿಗೆ ಸೇರಿಸಿದ್ದೆ. ಎರಡೇ ಪುಟದಲ್ಲಿ ಹೊಲಿಗೆ ಬಿಚ್ಚಿತು. ಡಬ್ಲಿನ್ನಿನ ಬಾಲ್ಸ್‌ಬ್ರಿಜ್‌ನ ಆ ಲಾಂಡ್ರಿ ಪ್ರಾಟೆಸ್ಟೆಂಟರದು, ಮರಿಯಾ ಕ್ಯಾಥೊಲಿಕಳು. ಅವಳು ಅಲ್ಲಿ ಎಲ್ಲರೊಂದಿಗೂ ತಗ್ಗಿಬಗ್ಗಿ ನಡೆಯುವುದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ‘ಮಿಷನ್’ ಎಂದ ತಕ್ಷಣ ಆ ಗೆರೆ ಅಳಿಸಿಹೋಗುತ್ತದೆ. ಹ್ಯಾಲೋವೀನ್ ರಾತ್ರಿ ಕಣ್ಣುಕಟ್ಟಿ ತಟ್ಟೆ ಮುಟ್ಟುವ ಆಟಕ್ಕೂ ಇಲ್ಲಿ ಜಾಗವಿಲ್ಲ. ಅದಿಲ್ಲದಿದ್ದರೆ ಕಥೆಯೇ ಇಲ್ಲ.

ಎರಡನೇ ಕರಡಿನಲ್ಲಿ ಊರನ್ನು ಡಬ್ಲಿನ್ನಿನಲ್ಲೇ ಬಿಟ್ಟು ಅಡಿಟಿಪ್ಪಣಿ ಸುರಿದೆ, ಸುಮಾರು 140 ಇರಬೇಕು. ಆತುರಕ್ಕೆ ಬಿದ್ದು ಡಿಟಿಪಿಗೂ ಕೊಟ್ಟೆ. ಪುಟಕ್ಕೆ 30 ರೂಪಾಯಿಯಂತೆ ಹತ್ತಿರ ಹತ್ತಿರ 9 ಸಾವಿರ ನೀರಿಗೆ ಹೋಯಿತು. ಮೇಲೆ ‘ನುಡಿ’ ತಂತ್ರಾಂಶದಿಂದ ಯೂನಿಕೋಡಿಗೆ ಹಾಕುವಾಗ ಅರ್ಕಾವತ್ತುಗಳು ಒಡೆದು ಎರಡು ವಾರ ತಿದ್ದುವ ಶಿಕ್ಷೆ. ಪುಣ್ಯಕ್ಕೆ ಹಕ್ಕಿನ ದುಡ್ಡು ಕೊಡಬೇಕಿರಲಿಲ್ಲ. ಜಾಯ್ಸ್ ತೀರಿಕೊಂಡದ್ದು 1941ರಲ್ಲಿ, ನಮ್ಮ ಕಾಯ್ದೆಯ 60 ವರ್ಷ 2001ಕ್ಕೇ ಮುಗಿದಿದೆ. ಓದಿದ ಪ್ರಕಾಶಕರೊಬ್ಬರು ಒಂದೇ ಮಾತು ಹೇಳಿದರು: ಎಲ್ಲರೂ ಒಬ್ಬನೇ ಮೇಷ್ಟ್ರ ಥರ ಮಾತಾಡುತ್ತಾರೆ. ಸಿಟ್ಟು ಬಂತು, ಆದರೂ ಪರೀಕ್ಷೆ ಮಾಡಿದೆ. 24 ಸಂಭಾಷಣೆಯ ತುಣುಕುಗಳನ್ನು ಹೆಸರಿಲ್ಲದೆ ಚೀಟಿಗಳ ಮೇಲೆ ಬರೆದು, ಯಾರ ಮಾತೆಂದು ಕಥೆ ಓದಿದ್ದ ಮೂವರನ್ನು ಕೇಳಿದೆ. 9 ಸರಿ ಬಂದವು.

ಆಮೇಲೆ ಖಾತೆ ಪುಸ್ತಕ. 200 ಪುಟದ ಉದ್ದನೆಯ ರೂಲ್ ಪುಸ್ತಕ, ಪಾತ್ರಕ್ಕೊಂದು ಪುಟ, ನಾಲ್ಕು ಕಾಲಮ್: ಕೈಯಲ್ಲಿದ್ದ ದುಡ್ಡು, ಖರ್ಚು, ಓಡಾಡಿದ ದಾರಿ, ಯಾರಿಗೆ ‘ನೀನು’ ಯಾರಿಗೆ ‘ನೀವು’.

ಪೆನ್ಸ್-ಷಿಲಿಂಗ್ ನಮ್ಮ ತಲೆಗೆ ಹತ್ತುವುದಿಲ್ಲ ಎಂದು ಇಂದಿನ ರೂಪಾಯಿಗೆ ಪರಿವರ್ತಿಸಲು ಹೋಗಿ ಒಂದು ತಿಂಗಳು ಕಳೆದೆ. ಹುಚ್ಚು ಕೆಲಸ. ಉತ್ತರ ಹಳೆಯ ಆಣೆಯಲ್ಲೇ ಇತ್ತು. 1899ರ ಹೊತ್ತಿಗೆ ರೂಪಾಯಿಯ ದರವನ್ನು 1 ಷಿಲಿಂಗ್ 4 ಪೆನ್ಸಿಗೆ ಕಟ್ಟಿಹಾಕಿದ್ದರು, ಮೊದಲ ಮಹಾಯುದ್ಧದವರೆಗೂ ಹೆಚ್ಚುಕಡಿಮೆ ಅದೇ ನಡೆಯಿತು. ಷಿಲಿಂಗಿಗೆ 12 ಪೆನ್ಸ್, ಅಂದರೆ ರೂಪಾಯಿಗೆ 16 ಪೆನ್ಸ್. ರೂಪಾಯಿಗೆ 16 ಆಣೆ. ಒಂದು ಪೆನ್ನಿ ಎಂದರೆ ಸರಿಯಾಗಿ ಒಂದು ಆಣೆ! ಪುಸ್ತಕ ಅಚ್ಚಾದದ್ದು 1914ರಲ್ಲಿ, ಕಥೆಗಳ ಬಹುಪಾಲು ಬರೆದದ್ದು 1904ರಿಂದ 1907ರೊಳಗೆ. ಇದಕ್ಕಿಂತ ಕೂಡಿಬಂದ ಲೆಕ್ಕ ಇನ್ನೆಲ್ಲಿ ಸಿಗುತ್ತದೆ? ನನಗೆ ಗೊತ್ತಿರುವ ಯಾವ ಅನುವಾದಕರೂ ಇದನ್ನು ಹಿಡಿದಿರಲಿಲ್ಲ, ಅಷ್ಟು ಜಂಬ ನನಗಿರಲಿ. ಆದರೆ ಆಣೆ ಖಾತೆಯಲ್ಲಿ ಮಾತ್ರ, ಕಥೆಯೊಳಗೆ ಪೆನ್ಸೇ. ಡಬ್ಲಿನ್ನಿನವನ ಬಾಯಲ್ಲಿ ಆಣೆ ತುರುಕಿದರೆ ಮತ್ತೆ ಮೊದಲ ಕರಡಿನ ರೋಗವೇ.

ಈಗ ಮರಿಯಾಳ ಪುಟ. ಟ್ರಾಮ್ ಖರ್ಚು ಕಳೆದು ಅವಳ ಲೆಕ್ಕಕ್ಕೆ ಉಳಿಯುವುದು 5 ಷಿಲಿಂಗ್, ಅಂದರೆ 60 ಪೆನ್ಸ್, ನಮ್ಮ 3 ರೂಪಾಯಿ 12 ಆಣೆ. ಪೆನ್ನಿಗೊಂದರಂತೆ ಒಂದು ಡಜನ್ ಕೇಕು: 12. ಪ್ಲಮ್‌ಕೇಕು 2 ಷಿಲಿಂಗ್ 4 ಪೆನ್ಸ್: 28. ಒಟ್ಟು 40, ಉಳಿದದ್ದು 20. ಆ ಪ್ಲಮ್‌ಕೇಕನ್ನು ಅವಳು ಟ್ರಾಮಿನಲ್ಲಿ ಕಳೆದುಕೊಳ್ಳುತ್ತಾಳೆ. ಎರಡನೇ ಕರಡಿನಲ್ಲಿ ‘ಅವಳಿಗೆ ಬೇಸರವಾಯಿತು’ ಎಂಬರ್ಥದ ಪೇಲವ ವಾಕ್ಯ ಇಟ್ಟಿದ್ದೆ. ಕೈಲಿದ್ದ ದುಡ್ಡಿನ ಹತ್ತಿರ ಹತ್ತಿರ ಅರ್ಧ ಹೋಯಿತೆಂದು ಖಾತೆಯಲ್ಲಿ ಕಂಡ ಮೇಲೆ ಆ ವಾಕ್ಯ ಉಳಿಯಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಂಗಡಿಯಲ್ಲಿ ಬೆಲೆ ಕೇಳುವ ಜಾಗವನ್ನು ನಿಧಾನ ಮಾಡಿದೆ. ಬೆಲೆ ಓದುಗರ ಕಿವಿಗೆ ಬಿದ್ದಿದ್ದರೆ ತಾನೇ ಕಳೆದದ್ದು ನೋಯುವುದು.

‘ಅರೇಬಿ’ಯ ಹುಡುಗನದು ಇನ್ನೂ ಮಜಾ. ಕೈಯಲ್ಲಿ ಒಂದು ಫ್ಲೋರಿನ್, 24 ಪೆನ್ಸ್. ಬಜಾರಿಗೆ ಆರು ಪೆನ್ಸಿನ ಬಾಗಿಲು ಸಿಗದೆ ಷಿಲಿಂಗ್ ಕೊಟ್ಟು ಒಳಗೆ ಹೋಗುತ್ತಾನೆ. ಕೊನೆಗೆ ಜೇಬಿನಲ್ಲಿರುವುದು ಒಂದು ಆರು ಪೆನ್ಸಿನ ನಾಣ್ಯ, ಎರಡು ಪೆನ್ನಿ. 24ರಲ್ಲಿ 12 ಹೋಗಿ 8 ಉಳಿಯಬೇಕಾದರೆ 4 ಎಲ್ಲೋ ಹೋಗಿರಬೇಕು. ರೈಲಿನ ಟಿಕೆಟ್ಟೇ. ಜಾಯ್ಸ್ ಅದನ್ನು ಹೇಳುವುದೇ ಇಲ್ಲ. ಒಳಗೆ ಕಾಲಿಡುವಾಗಲೇ ಅವನು ಏನನ್ನೂ ಕೊಳ್ಳಲಾರದವನಾಗಿದ್ದ ಎನ್ನುವುದು ಕೂಡಿ ಕಳೆದಾಗಲೇ ಕಂಡದ್ದು.

ಹಣದಲ್ಲಿ ನಾನು ಮಾಡಿದ ಅತಿ ಕೆಟ್ಟ ತಪ್ಪು ‘ಎ ಮದರ್’ನಲ್ಲಿ. ಮಿಸೆಸ್ ಕಾರ್ನಿಯ ಮಗಳು ನಾಲ್ಕು ಸಂಗೀತ ಕಚೇರಿಗಳಿಗೆ ಪಿಯಾನೊ ನುಡಿಸಲು ಒಪ್ಪಂದ 8 ಗಿನಿಗೆ. ಗಿನಿ ಯಾರಿಗೆ ಅರ್ಥವಾಗುತ್ತದೆ ಎಂದು ಪೌಂಡ್ ಮಾಡಿಬಿಟ್ಟಿದ್ದೆ. ಗಿನಿ ಎಂದರೆ 21 ಷಿಲಿಂಗ್, ಪೌಂಡ್ 20. 8 ಗಿನಿಯಲ್ಲಿ ಅರ್ಧ ಎಂದರೆ 4 ಪೌಂಡ್ 4 ಷಿಲಿಂಗ್. ಆಯೋಜಕರು ಕೊನೆಗೆ ಅರ್ಧದ ಕಂತೆಂದು ಎಣಿಸಿ ಕೊಡುವುದು ಬರೀ 4 ಪೌಂಡ್, ಮಿಸೆಸ್ ಕಾರ್ನಿ 4 ಷಿಲಿಂಗ್ ಕಡಿಮೆ ಎನ್ನುತ್ತಾಳೆ. ನನ್ನ ಕರಡಿನಲ್ಲಿ ಕಂತಿನ ಪೂರ್ತಿ ದುಡ್ಡು ಬಂದರೂ ಜಗಳ ತೆಗೆಯುವ ಬಜಾರಿಯಾಗಿ ಕಂಡಳು! ಗಿನಿಯನ್ನು ಗಿನಿಯಾಗಿಯೇ ಇಟ್ಟು, ಮೊದಲ ಪುಟದಲ್ಲೇ ‘ಇಪ್ಪತ್ತೊಂದು ಷಿಲಿಂಗಿನ ಗಿನಿ’ ಎಂದು ಒಮ್ಮೆ ಸೇರಿಸಿದೆ. ಟಿಪ್ಪಣಿ ಬೇಕಾಗಲಿಲ್ಲ, ಹೆಂಗಸಿನ ಕಡೆ ನ್ಯಾಯವೂ ನಿಂತಿತು.

‘ಕೌಂಟರ್‌ಪಾರ್ಟ್ಸ್’ನ ಗುಮಾಸ್ತ ಫ್ಯಾರಿಂಗ್ಟನ್ ಗಿರವಿ ಅಂಗಡಿಯಲ್ಲಿ ಗಡಿಯಾರದ ಸರಪಳಿ ಇಟ್ಟು 6 ಷಿಲಿಂಗ್ ತರುತ್ತಾನೆ, 72 ಪೆನ್ಸ್. ರಾತ್ರಿ ಟ್ರಾಮಿಗೆ ಕಾಯುವಾಗ ಉಳಿದದ್ದು 2. ಅಮಲೂ ಏರಿಲ್ಲ. ವೆದರ್ಸ್ ಎಂಬವನಿಗೆ ಕುಡಿಸಿದ ವಿಸ್ಕಿ ಮತ್ತು ಅಪೊಲಿನಾರಿಸ್ ಫ್ಯಾರಿಂಗ್ಟನ್‌ನನ್ನು ಕೊರೆಯುತ್ತದೆ. ಅಪೊಲಿನಾರಿಸ್ಸನ್ನು ‘ಸೋಡಾ’ ಎಂದು ಬರೆದಿದ್ದೆ. ತಪ್ಪು. ಅದು ಜರ್ಮನಿಯಿಂದ ಬರುತ್ತಿದ್ದ ಬಾಟಲಿ ನೀರು, ಶೋಕಿಯವರ ಐಟಂ. ಸೋಡಾ ಎಂದರೆ ಅವನ ಹೊಟ್ಟೆಯುರಿಗೆ ಕಾರಣವೇ ಉಳಿಯುವುದಿಲ್ಲ. ಹೆಸರನ್ನು ಹಾಗೆಯೇ ಬಿಟ್ಟೆ, ಉಚ್ಚರಿಸಲು ಕಷ್ಟವಾದಷ್ಟೂ ಒಳ್ಳೆಯದು. ಇನ್ನೊಂದು: ಆಫೀಸಿನಲ್ಲಿ ಕಥೆಗಾರ ಅವನನ್ನು ಹೆಚ್ಚಾಗಿ ‘ಆ ಮನುಷ್ಯ’ ಎಂದಷ್ಟೇ ಕರೆಯುತ್ತಾನೆ, ಹೆಸರು ಧಾರಾಳವಾಗಿ ಬರುವುದು ಪಬ್ಬಿನಲ್ಲಿ. ಸ್ಪಷ್ಟತೆ ಇರಲಿ ಎಂದು ನಾನು ಎಲ್ಲೆಡೆ ಹೆಸರು ತುಂಬಿಸಿದ್ದೆ, ತೆಗೆದೆ. ‘ಆಳು’ ಹಾಕಿ ನೋಡಿದೆ, ತೀರಾ ಬಡಿದು ಹೇಳಿದಂತಾಯಿತು. ‘ಆಸಾಮಿ’ ಕೂತಿತು. ಯಜಮಾನ ಅಲೀನ್ ಬೈಯುವ ಕಚೇರಿಗನ್ನಡವನ್ನು ಎಲ್ಲಿಂದ ಎತ್ತಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಮುಂದಿನ ಪುಸ್ತಕಕ್ಕೂ ಬೇಕು.

‘ಟೂ ಗ್ಯಾಲಂಟ್ಸ್’ನ ಲೆನಹನ್‌ಗಾಗಿ ಅಡುಗೆಮನೆಗೂ ಹೋಗಬೇಕಾಯಿತು. ಇಡೀ ದಿನ ಬಿಸ್ಕತ್ತಿನ ಮೇಲಿದ್ದವನು ಒಂದು ತಟ್ಟೆ ಬಟಾಣಿ, ಒಂದು ಜಿಂಜರ್ ಬಿಯರ್ ತರಿಸುತ್ತಾನೆ, ಎರಡೂವರೆ ಪೆನ್ಸ್. ನಾನು ‘ಬಟಾಣಿ ಉಸಳಿ’ ಎಂದು ಬರೆದಿದ್ದೆ. ಉಸಳಿ ಎಂದರೆ ಒಗ್ಗರಣೆ, ತೆಂಗಿನತುರಿ, ಬಾಯಲ್ಲಿ ನೀರು. ಕಾಲು ಕೆಜಿ ಒಣ ಬಟಾಣಿಯನ್ನು ರಾತ್ರಿ ನೆನೆಸಿ, ಚಿಟಿಕೆ ಸೋಡಾ ಹಾಕಿ ಬೇಯಿಸಿ, ಮೆಣಸಿನಪುಡಿ ಬಿಟ್ಟು ಕರಿಮೆಣಸು ಮತ್ತು ವಿನೆಗರ್ ಮಾತ್ರ ಹಾಕಿ ತಿಂದು ನೋಡಿ. ಕುಕ್ಕರಿನಲ್ಲಿ ನಾಲ್ಕು ವಿಶಲ್ ಕೂಗಿಸಿದರೆ ಗಂಜಿಯಾಗುತ್ತದೆ, ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಸಾಕು. ಸಪ್ಪೆ, ಹುಳಿ, ಬಿಸಿ. ಹಸಿದವನಿಗಷ್ಟೇ ರುಚಿ. ಹಾಗಾಗಿ ‘ಬೇಯಿಸಿದ ಬಟಾಣಿ’. ಜಿಂಜರ್ ಬಿಯರನ್ನು ಹಾಗೇ ಬಿಟ್ಟರೆ ನಮ್ಮ ಓದುಗರು ಆಸಾಮಿ ಬಿಯರ್ ಕುಡಿಯುತ್ತಿದ್ದಾನೆ ಎಂದುಕೊಳ್ಳುತ್ತಾರೆ, ‘ಶುಂಠಿ ಸೋಡಾ’ ಮಾಡಿದೆ. ಅಂದರೆ ಸೋಡಾ ಒಂದು ಕಡೆ ತಪ್ಪು, ಇನ್ನೊಂದು ಕಡೆ ಸರಿ.

ಅದೇ ಕಥೆಯ ಕೊನೆಗೆ ಲೆನಹನ್‌ನ ಗೆಳೆಯ ಕಾರ್ಲಿ ಅಂಗೈ ಬಿಚ್ಚಿ ತೋರಿಸುವ ಸಣ್ಣ ಚಿನ್ನದ ನಾಣ್ಯ. ಕರಾವಳಿಯ ಗೆಳೆಯರು ‘ಪವನು’ ಎನ್ನಿ ಎಂದರು. ಆಸೆಯೂ ಆಯಿತು, ನಮ್ಮ 8 ಗ್ರಾಮಿನ ಪವನು ಬಂದದ್ದೇ ಒಂದು ಪೌಂಡಿನ ಚಿನ್ನದ ನಾಣ್ಯವಾದ ಸವರನ್‌ನಿಂದ. ಆದರೆ ಮೂಲದಲ್ಲಿ ಅದು ಪೂರ್ತಿ ಸವರನ್ನೋ ಅರ್ಧವೋ ಎಂದು ಹೇಳಿಲ್ಲ. ಅರ್ಧವಾದರೆ ಲೆನಹನ್‌ನ 48 ಊಟ, ಪೂರ್ತಿಯಾದರೆ 96. ಪವನು ಎಂದರೆ ನಾನೇ ತೀರ್ಪು ಕೊಟ್ಟಂತೆ. ‘ಸಣ್ಣ ಚಿನ್ನದ ನಾಣ್ಯ’ವೇ ಉಳಿಯಿತು, ಖಾತೆಯಲ್ಲಿ ಪ್ರಶ್ನೆ ಚಿಹ್ನೆ.

ನಾಲ್ಕನೇ ಕಾಲಮ್ ಅತಿ ಹೆಚ್ಚು ಹೊತ್ತು ತಿಂದಿತು. ಇಂಗ್ಲಿಷಿನಲ್ಲಿ ಒಂದೇ ಪದ, ನಮಗೆ ನೀನು, ನೀವು, ತಾವು, ಸಾಲದ್ದಕ್ಕೆ ಕ್ರಿಯಾಪದದ ಬಾಲ. ‘ಎ ಪೇನ್‌ಫುಲ್ ಕೇಸ್’ನ ಬ್ಯಾಂಕ್ ಕ್ಯಾಷಿಯರ್ ಡಫಿಯನ್ನು ‘ಅವನು’ ಎಂದು ಮೂರು ಸಲ ಬರೆದೆ, ಮೂರು ಸಲವೂ ಬೇಗ ಹತ್ತಿರದವನಾಗಿಬಿಟ್ಟ. ತನ್ನ ಬಗ್ಗೆಯೇ ಮೂರನೆಯವನಂತೆ ವಾಕ್ಯ ಕಟ್ಟುವ ಮನುಷ್ಯ ಅವನು. ‘ಡಫಿಯವರು ಊಟ ಮಾಡಿದರು, ಡಫಿಯವರು ಪತ್ರಿಕೆ ಮಡಿಸಿದರು’ ಎಂದು ಬಹುವಚನ ಹಾಕಿದ ಕೂಡಲೇ ತಣ್ಣಗಾದ. ಕೊನೆಯ ಸಾಲಿನವರೆಗೂ ಬದಲಿಸಲಿಲ್ಲ. ಮಿಸೆಸ್ ಕಾರ್ನಿಯದು ಉಲ್ಟಾ. ಸಿಟ್ಟು ಬಂದಾಗ ‘ನೀನು’ಗೆ ಇಳಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಮರ್ಯಾದಸ್ಥ ಮನೆಯ ಹೆಂಗಸು ಕನ್ನಡದಲ್ಲಿ ಸಿಟ್ಟಾದರೆ ‘ತಾವು’ಗೆ ಏರುತ್ತಾಳೆ. ಹೊಲೊಹನ್‌ಗೆ ಮೊದಲು ‘ನೀವು’, ದುಡ್ಡಿನ ಮಾತು ಬಂದ ಮೇಲೆ ‘ತಾವು’. ಬೇರೆ ಏನನ್ನೂ ಬದಲಿಸಬೇಕಾಗಲಿಲ್ಲ.

‘ದಿ ಸಿಸ್ಟರ್ಸ್’ನ ಎಲೈಜಾ ಬಗ್ಗೆ ಒಂದು ಮಾತು, ಯಾಕೆಂದರೆ ಇದು ತಾನಾಗಿ ಕೈಗೆ ಬಂದ ಹಣ್ಣು. ಗಾಳಿ ತುಂಬಿದ ಹೊಸ ಬಗೆಯ ಚಕ್ರಗಳ ಹೆಸರನ್ನು ಅವಳು ಕೀಲುನೋವಿನ ಕಾಯಿಲೆಯ ಹೆಸರಾಗಿ ತಪ್ಪಿ ಹೇಳುತ್ತಾಳೆ. ಇಂಥದ್ದನ್ನು ಅನುವಾದಿಸಲಾಗದು ಎಂದು ಎಲ್ಲರೂ ಕೈಬಿಡುತ್ತಾರೆ. ಕನ್ನಡದಲ್ಲಿ ಕೀಲು ಹಿಡಿಯುವುದೂ ವಾಯುವೇ, ಟೈರಿನಲ್ಲಿರುವುದೂ ವಾಯುವೇ. ‘ವಾಯು ತುಂಬಿದ ಚಕ್ರ’ ಎನ್ನಬೇಕಾದವಳು ‘ವಾಯು ಹಿಡಿದ ಚಕ್ರ’ ಎಂದಳು. ಮುಗಿಯಿತು.

ಖಾತೆ ಹಿಡಿದು ತಿದ್ದಲು ಒಂದೂವರೆ ವರ್ಷ ಬೇಕಾಯಿತು. ಅದೇ ಚೀಟಿ ಪರೀಕ್ಷೆ, ಅದೇ 24 ತುಣುಕು, ಓದುಗರು ಬೇರೆ ಮೂವರು: 19 ಸರಿ ಬಂದವು. ತಪ್ಪಿದ್ದರಲ್ಲಿ ಮೂರು ಚುನಾವಣಾ ಕಚೇರಿಯ ಕಥೆ ‘ಐವಿ ಡೇ’ಯವು. ಅಲ್ಲಿ ಬೆಂಕಿಯ ಸುತ್ತ ಕೂತವರೆಲ್ಲ ಸಂಬಳಕ್ಕೆ ಕಾಯುತ್ತಿರುವವರು, ಎಲ್ಲರ ಜೇಬೂ ಒಂದೇ ಥರ ಖಾಲಿ, ಖಾತೆ ಹೆಚ್ಚು ಸಹಾಯ ಮಾಡಲಿಲ್ಲ. ತೀರಿಹೋದ ಐರಿಷ್ ನಾಯಕ ಪಾರ್ನೆಲ್ ಬಗ್ಗೆ ಯಾರ ದನಿ ಏರುತ್ತದೆ, ಯಾರದು ತಗ್ಗುತ್ತದೆ ಎಂಬುದಕ್ಕೆ ಐದನೇ ಕಾಲಮ್ ಎಳೆದಿದ್ದೇನೆ.

‘ದಿ ಡೆಡ್’ ಕೆಲಸದ ಹುಡುಗಿ ಲಿಲಿಯ ಪುಟದಲ್ಲೇ ನಿಂತಿದೆ. ಮನೆಗೆ ಬಂದ ಅತಿಥಿ ಗೇಬ್ರಿಯಲ್ ಅವಳ ಕೈಗೆ ಒಂದು ನಾಣ್ಯ ತುರುಕುತ್ತಾನೆ. ಯಾವ ನಾಣ್ಯ, ಎಷ್ಟರದು, ಜಾಯ್ಸ್ ಹೇಳಿಲ್ಲ. ಚಿಕ್ಕಂದಿನಿಂದ ನೋಡಿದವಳು, ಹಾಗಾಗಿ ಅವನದು ‘ನೀನು’, ಅವಳದು ‘ನೀವು’, ಅಲ್ಲಿಯವರೆಗೆ ಸರಿ. ಗಂಡಸರ ಬಗ್ಗೆ ಅವಳು ಕಹಿಯಾಗಿ ತಿರುಗಿ ಹೇಳುವ ಆ ಒಂದು ವಾಕ್ಯವನ್ನು ಸುಮಾರು 30 ಸಲ ಬರೆದಿದ್ದೇನೆ. ‘ನೀವು’ ಇಟ್ಟರೆ ಕಹಿ ಹೋಗುತ್ತದೆ, ತೆಗೆದರೆ ಕೆಲಸದವಳು ಹೋಗುತ್ತಾಳೆ. ಸದ್ಯಕ್ಕೆ ಸರ್ವನಾಮವೇ ಇಲ್ಲದ ವಾಕ್ಯವೊಂದನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.