ಸಾಲಿ ಮಾಸ್ತರರ ಕೈಗೆ ಬಂದೂಕು ಕೊಡಬೇಕು ಅಂತ ಸಭೆಯಲ್ಲಿ ಮಾತು ಬಂದರೆ ಏನು ಮಾಡಬೇಕು?

2024ರ ಏಪ್ರಿಲ್ 18ರಂದು ಹುಬ್ಬಳ್ಳಿ ವಿದ್ಯಾನಗರದ ಕಾಲೇಜು ಆವರಣದೊಳಗೇ ಒಬ್ಬ ವಿದ್ಯಾರ್ಥಿನಿಯನ್ನು ಚಾಕುವಿನಿಂದ ಇರಿದು ಕೊಂದರು. ಅಂಥ ಸುದ್ದಿ ಬಂದಾಗಲೆಲ್ಲ ಪಾಲಕರ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ. "ಮಾಸ್ತರ ಹತ್ರ ಒಂದು ಪಿಸ್ತೂಲ್ ಇದ್ರ ಯಾರ್ ಒಳಗ ಬರ್ತಾರ್ರೀ?" ಅಂತ ಕೇಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ. ಮಗಳನ್ನು ಗೇಟಿನ ತನಕ ಬಿಟ್ಟು ಕೆಲಸಕ್ಕೆ ಹೋಗುವ ತಂದೆ ಹೆದರಿ ಆಡುವ ಮಾತು ಅದು. ಆ ಹೆದರಿಕೆ ನಿಜ. ಆದರೆ ಬಂದೂಕು ಅದಕ್ಕೆ ಔಷಧ ಅಲ್ಲ ಅಂತ ನಾನು ಪೂರ್ತಿ ನಂಬಿದ್ದೇನೆ. ಸಭೆಯಲ್ಲಿ ಇದನ್ನು ಹೇಗೆ ಹೇಳಬೇಕು, ಹೇಳಿದ ಮೇಲೆ ಶಾಲೆಯಲ್ಲಿ ಯಾವ ಕೆಲಸ ಮಾಡಿಸಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಇರುವವರು, ಹೆಡ್‌ಮಾಸ್ತರರು, ಖಾಸಗಿ ಶಾಲೆಯ ಆಡಳಿತದವರು ಎಲ್ಲರೂ ಬಳಸಬಹುದು.

ಮೊದಲು ಕಾನೂನಿನ ಮಾತು ಮುಗಿಸಿಬಿಡಿ. ಬಂದೂಕಿಗೆ ಲೈಸೆನ್ಸ್ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ. ಗದಗ, ಹಾವೇರಿಯಲ್ಲಿ ಡಿಸಿ ಕೊಡುತ್ತಾರೆ, ಹುಬ್ಬಳ್ಳಿ-ಧಾರವಾಡ ನಗರದಲ್ಲಿ ಪೊಲೀಸ್ ಕಮಿಷನರ್. 21 ವರ್ಷ ಆಗಿರಬೇಕು, ಪೊಲೀಸ್ ವರದಿ ಬರಬೇಕು. ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಲೈಸೆನ್ಸಿನಲ್ಲೇ ಅಚ್ಚಾಗಿರುವ ಒಂದು ಷರತ್ತು. ಜಿಲ್ಲಾ ಮ್ಯಾಜಿಸ್ಟ್ರೇಟರ ವಿಶೇಷ ಅನುಮತಿ ಇಲ್ಲದೆ ಆ ಬಂದೂಕನ್ನು ಜಾತ್ರೆ, ಮೆರವಣಿಗೆ, ಜನ ಸೇರುವ ಜಾಗಕ್ಕೆ ಒಯ್ಯುವಂತಿಲ್ಲ, ಶಾಲೆ-ಕಾಲೇಜಿನ ಆವರಣಕ್ಕೂ ಒಯ್ಯುವಂತಿಲ್ಲ. ಅಂದರೆ ಲೈಸೆನ್ಸ್ ಇರುವ ಮಾಸ್ತರು ಕೂಡ ತನ್ನ ರಿವಾಲ್ವರನ್ನು ಸುಮ್ನೆ ಬ್ಯಾಗಿನಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ಎಸ್‌ಡಿಎಂಸಿ ಠರಾವು ಪಾಸು ಮಾಡಿದರೂ ಅದು ನಡೆಯುವುದಿಲ್ಲ. ಇದನ್ನು ಜೋರಾಗಿ ಹೇಳಿ. ಅರ್ಧ ಚರ್ಚೆ ಅಲ್ಲೇ ತಣ್ಣಗಾಗುತ್ತದೆ.

ಇನ್ನರ್ಧ ತಣ್ಣಗಾಗುವುದಿಲ್ಲ. "ಹಂಗಾದ್ರ ಕಾನೂನು ಬದಲಾಗಲಿ, ಅಮೆರಿಕಾದಾಗ ಕೊಡ್ತಾರಲ್ಲ" ಅನ್ನುತ್ತಾರೆ. ಹೌದು, ಅಲ್ಲಿ ಕೆಲವು ರಾಜ್ಯಗಳಲ್ಲಿ ಕೊಡುತ್ತಾರೆ. ಒಹಾಯೋದಲ್ಲಿ ಮೊದಲು ಬಂದೂಕು ಇಟ್ಟುಕೊಳ್ಳುವ ಶಿಕ್ಷಕರಿಗೆ 700 ಗಂಟೆಗೂ ಜಾಸ್ತಿ ತರಬೇತಿ ಬೇಕಿತ್ತು, 2022ರಲ್ಲಿ ಅದನ್ನು 24 ಗಂಟೆಗೆ ಇಳಿಸಿದರು. ಟೆನೆಸ್ಸಿ 2024ರಲ್ಲಿ 40 ಗಂಟೆ ತರಬೇತಿಯ ಮೇಲೆ ಅನುಮತಿ ಕೊಟ್ಟಿತು. ಹಾಗಾದರೆ ದಿನಾ ಬಂದೂಕು ಹಿಡಿಯುವವರ ಕಥೆ ಏನು ಅಂತ ಸಭೆಯಲ್ಲಿ ಕೇಳಿ. ನ್ಯೂಯಾರ್ಕ್ ಪೊಲೀಸರ ಬಗ್ಗೆ ರ್‍ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 2008ರಲ್ಲಿ ಅಧ್ಯಯನ ಮಾಡಿತ್ತು. ಎದುರಿನವನೂ ಗುಂಡು ಹಾರಿಸುತ್ತಿರುವಾಗ ಪೊಲೀಸರ ಗುಂಡು ಗುರಿ ಮುಟ್ಟಿದ್ದು ಶೇ 18ರಷ್ಟು ಮಾತ್ರ. ಅವರು ವೃತ್ತಿಯ ಪೊಲೀಸರು. ನಮ್ಮ ಶಾಲೆಯ ಒಂದು ಕೋಣೆಯಲ್ಲಿ 40 ಮಕ್ಕಳು ಚಾಪೆ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿರುತ್ತಾರೆ. ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ?

ಬಂದೂಕು ಇದ್ದರೂ ಕೈ ಏಳುವುದಿಲ್ಲ ಅನ್ನುವುದೂ ಇದೆ. 2018ರ ಫೆಬ್ರವರಿಯಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತಾಗ ಬಂದೂಕು ಇದ್ದ ಅಧಿಕಾರಿಯೊಬ್ಬ ಶಾಲೆಯಲ್ಲೇ ಇದ್ದ, ಕಟ್ಟಡದ ಹೊರಗೇ ನಿಂತ. 2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಉವಾಲ್ಡೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ನೂರಾರು ಪೊಲೀಸರು ಬಂದರೂ ಕೊಲೆಗಾರನಿದ್ದ ಕೋಣೆಗೆ ನುಗ್ಗಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಮಗ್ಗಿ ಕಲಿಸುವ ಅಕ್ಕೋರ ಹೆಗಲ ಮೇಲೆ ಈ ಭಾರ ಹಾಕುವುದು ಯಾವ ನ್ಯಾಯ?

ಪಾಕಿಸ್ತಾನದ ಅನುಭವವನ್ನೂ ನೋಡಿ. 2014ರ ಡಿಸೆಂಬರ್ 16ರಂದು ಪೇಶಾವರದ ಸೈನಿಕ ಶಾಲೆಯ ಮೇಲೆ ಉಗ್ರರು ದಾಳಿ ಮಾಡಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಅದಾದ ಮೇಲೆ ಖೈಬರ್ ಪಖ್ತೂನ್‌ಖ್ವಾ ಸರ್ಕಾರ ಶಿಕ್ಷಕರಿಗೆ ಶಾಲೆಗೆ ಬಂದೂಕು ತರಲು ಬಿಟ್ಟಿತು. ಅಂಥ ಹೊತ್ತಲ್ಲಿ ಆ ನಿರ್ಧಾರ ಯಾಕೆ ಬಂತು ಅಂತ ಅರ್ಥ ಆಗುತ್ತದೆ. ಆದರೆ 2015ರಲ್ಲೇ ಸ್ವಾತ್‌ನ ಒಂದು ಶಾಲೆಯಲ್ಲಿ ಮಾಸ್ತರರು ಬಂದೂಕು ಸ್ವಚ್ಛ ಮಾಡುವಾಗ ಅಕಸ್ಮಾತ್ ಗುಂಡು ಹಾರಿ ಒಬ್ಬ ವಿದ್ಯಾರ್ಥಿ ಸತ್ತ. ಕ್ಯಾಲಿಫೋರ್ನಿಯಾದ ಸೀಸೈಡ್‌ನಲ್ಲಿ 2018ರಲ್ಲಿ ಒಬ್ಬ ಶಿಕ್ಷಕ ಸುರಕ್ಷತೆಯ ಪಾಠ ಮಾಡುತ್ತಲೇ ತರಗತಿಯ ಚಾವಣಿಗೆ ಗುಂಡು ಹಾರಿಸಿಬಿಟ್ಟ, ಹುಡುಗನೊಬ್ಬನಿಗೆ ಗಾಯ ಆಯಿತು. ಆ ಶಿಕ್ಷಕ ಮೀಸಲು ಪೊಲೀಸ್ ಅಧಿಕಾರಿಯೂ ಹೌದು, ತರಬೇತಿ ಇರಲಿಲ್ಲ ಅನ್ನುವ ಹಾಗಿಲ್ಲ.

ಈಗ ನಮ್ಮೂರಿನದೇ ಒಂದು ಮಾತು. ಬರೆಯಲು ಕಷ್ಟ ಆಗುತ್ತದೆ, ಆದರೆ ಬಿಡುವ ಹಾಗಿಲ್ಲ. 2022ರ ಡಿಸೆಂಬರ್‌ನಲ್ಲಿ ಗದಗ ಜಿಲ್ಲೆಯ ನರಗುಂದ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗನನ್ನು ಹೊಡೆದು, ಮೊದಲ ಮಹಡಿಯಿಂದ ಕೆಳಗೆ ಎಸೆದು ಕೊಂದರು. ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಅವನ ತಾಯಿ ಮೇಲೂ ಹಲ್ಲೆ ಆಯಿತು. ಪೊಲೀಸರು ಬಂಧಿಸಿದ್ದು ಅಲ್ಲಿಯ ಅತಿಥಿ ಶಿಕ್ಷಕನನ್ನು. ಅಪಾಯ ಕಾಂಪೌಂಡ್ ಹಾರಿ ಬರಲಿಲ್ಲ, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಒಳಗೆ ಬಂತು. ಅವತ್ತು ಕೈಗೆ ಸಿಕ್ಕಿದ್ದು ಸಲಿಕೆ. ಸಿಬ್ಬಂದಿಗೆ ಬಂದೂಕು ಕೊಡಬೇಕು ಅನ್ನುವವರು ಆ ಕೈಯಲ್ಲಿ ಬಂದೂಕು ಇದ್ದಿದ್ದರೆ ಏನಾಗುತ್ತಿತ್ತು ಅಂತ ಒಂದು ನಿಮಿಷ ಯೋಚನೆ ಮಾಡಲಿ. ಶಿಕ್ಷಕರಲ್ಲಿ ಬಹಳ ಜನ ದೇವರಂಥವರೇ. ಆದರೆ ಜಗಳ, ಸಾಲ, ಕುಡಿತ, ಮನಸ್ಸಿನ ಕಾಯಿಲೆ ಯಾರ ಮನೆಗೂ ಬರಬಹುದು, ಅಲ್ವಾ?

ಇನ್ನೊಂದು ವಿಷಯ ಯಾರೂ ಎತ್ತುವುದಿಲ್ಲ. ಮಗು ತನಗಾದ ಕಿರುಕುಳವನ್ನು ದೊಡ್ಡವರ ಹತ್ತಿರ ಹೇಳಲು ಈಗಲೇ ಹೆದರುತ್ತದೆ. ಕಿರುಕುಳ ಕೊಡುವವನು ಸಿಬ್ಬಂದಿಯಲ್ಲೇ ಒಬ್ಬನಾಗಿದ್ದು, ಅವನ ಸೊಂಟದಲ್ಲಿ ಪಿಸ್ತೂಲ್ ಇದ್ದರೆ ಆ ಮಗು ಬಾಯಿ ಬಿಡುವುದು ಯಾವಾಗ?

ಸಭೆಯಲ್ಲಿ ಇಷ್ಟು ಹೇಳಿದ ಮೇಲೆ ಕೂತುಬಿಡಬೇಡಿ. "ಬಂದೂಕು ಬ್ಯಾಡ" ಅಂದು ಮನೆಗೆ ಹೋದರೆ ಆ ತಂದೆಯ ಹೆದರಿಕೆ ಹಾಗೇ ಉಳಿಯುತ್ತದೆ. ಎದ್ದು ಎಲ್ಲರನ್ನೂ ಕರೆದುಕೊಂಡು ಶಾಲೆ ಸುತ್ತಿ.

ಸುತ್ತುವಾಗ ಏನು ನೋಡಬೇಕು?

ಮುಂದಿನ ಗೇಟು ಎಲ್ಲರಿಗೂ ಕಾಣುತ್ತದೆ, ಅದನ್ನು ಬಿಡಿ. ಶೌಚಾಲಯದ ಹಿಂದೆ ಹೋಗಿ. ಅಲ್ಲಿ ಗೋಡೆ ಒಂದಾಳು ದಾಟುವಷ್ಟು ಕುಸಿದಿರುತ್ತದೆ, ಊರಿನವರು ಹೊಲಕ್ಕೆ ಅಡ್ಡದಾರಿ ಮಾಡಿಕೊಂಡಿರುತ್ತಾರೆ. ಸಂಜೆ ಕೂತು ಎಲೆ ಆಡಿದವರ ಗುಟ್ಕಾ ಚೀಟಿ, ಬಾಟಲಿ ಬಿದ್ದಿರುತ್ತವೆ. ಸಣ್ಣ ಮಕ್ಕಳು ಒಬ್ಬೊಬ್ಬರೇ ಹೋಗುವ ಜಾಗ ಅದೇ. ಫೋಟೋ ತೆಗೆದು, ಅರ್ಜಿ ಬರೆದು ಪಂಚಾಯಿತಿಗೆ ಕೊಡಿ. ಶಾಲೆ ಕಾಂಪೌಂಡ್ ಪಂಚಾಯಿತಿಯಿಂದ ಆಗುವ ಕೆಲಸ, ನರೇಗಾದಲ್ಲಿ ರಾಜ್ಯದ ಎಷ್ಟೋ ಶಾಲೆಗಳಿಗೆ ಕಟ್ಟಿಸಿದ್ದಾರೆ. ದೊಡ್ಡವರ ಅರ್ಜಿ ಕಪಾಟಿನಲ್ಲಿ ಕೊಳೆಯುತ್ತಿದ್ದರೆ ಮಕ್ಕಳ ಗ್ರಾಮ ಸಭೆಯಲ್ಲಿ ಐದನೇ ತರಗತಿ ಹುಡುಗಿಯೇ ಎದ್ದು ಕೇಳಲಿ. ಪಿಡಿಒ ಉತ್ತರ ಕೊಡಲೇಬೇಕಾಗುತ್ತದೆ.

ಆಮೇಲೆ ಬಾಗಿಲು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮ ಸರ್ಕಾರಿ ಶಾಲೆ ಕೋಣೆಗಳ ಚಿಲಕ ಸಾಮಾನ್ಯವಾಗಿ ಹೊರಗೆ ಇರುತ್ತದೆ, ರಾತ್ರಿ ಬೀಗ ಹಾಕಲು ಮಾಡಿದ್ದು ಅದು. ಒಳಗಡೆ ಚಿಲಕ ಇರುವುದಿಲ್ಲ, ಇದ್ದರೂ ಮಳೆಗೆ ಬಾಗಿಲು ಉಬ್ಬಿ ಕೊಂಡಿ ತೂತಿಗೆ ಕೂರುವುದಿಲ್ಲ. ಹೊರಗೆ ಒಬ್ಬ ಮಚ್ಚು ಹಿಡಿದು ಓಡಾಡುತ್ತಿದ್ದರೆ ಅಕ್ಕೋರು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು ಅಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕಾದ ಜಾರ್ಜಿಯಾ ರಾಜ್ಯದ ಅಪಲಾಚಿ ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗ ಮೊದಲು ತನ್ನ ತರಗತಿಗೇ ವಾಪಸ್ ಬಂದಿದ್ದ. ಬಾಗಿಲು ತಾನಾಗೇ ಲಾಕ್ ಆಗಿತ್ತು. ತೆಗೆಯಲು ಹೋದ ಸಹಪಾಠಿ ಗಾಜಿನಲ್ಲಿ ಬಂದೂಕು ನೋಡಿ ಹಿಂದೆ ಸರಿದಳು. ಆ ಕೋಣೆಯ ಮಕ್ಕಳನ್ನು ಉಳಿಸಿದ್ದು ಆ ಮುಚ್ಚಿದ ಬಾಗಿಲು. ಆದ್ದರಿಂದ ಮೊದಲ ದುಡ್ಡು ಒಳ ಚಿಲಕಕ್ಕೆ ಹಾಕಿ. ದೊಡ್ಡವರ ಕೈಗೆ ಮಾತ್ರ ಎಟಕುವ ಎತ್ತರಕ್ಕೆ ಬಡಿಗೇರರಿಂದ ಗಟ್ಟಿ ಕಬ್ಬಿಣದ್ದು ಹಾಕಿಸಿ. ಪಾಠದ ಹೊತ್ತಲ್ಲಿ ಆ ಚಿಲಕ ಹಾಕಬಾರದು ಅಂತ ನಿಯಮ ಮಾಡಿ. ಮಗುವನ್ನು ಒಳಗೆ ಕೂಡಿಹಾಕಲು ಅದು ಯಾರಿಗೂ ನೆಪ ಆಗಬಾರದು. ಬೆಂಕಿಯನ್ನೂ ಮರೆಯಬೇಡಿ. 2004ರಲ್ಲಿ ಕುಂಭಕೋಣಂ ಶಾಲೆಯಲ್ಲಿ 94 ಮಕ್ಕಳು ಸತ್ತದ್ದು ಬೆಂಕಿಯಿಂದ. ಬಿಸಿಯೂಟದ ಸಿಲಿಂಡರ್ ತರಗತಿಗೆ ಅಂಟಿಕೊಂಡು ಇದ್ದರೆ ಅವತ್ತೇ ದೂರ ಸರಿಸಿ.

ಗಂಟೆಗೆ ಒಂದು ಗುರುತು ಮಾಡಿ. ಊಟದ ಗಂಟೆ, ಬಿಡುವ ಗಂಟೆ ಬಿಟ್ಟು ಬೇರೆಯೇ ಕೇಳಿಸುವ ಒಂದು ಹೊಡೆತ ಇರಲಿ. ಅದು ಕೇಳಿದರೆ ಒಳಗಿದ್ದವರು ಬಾಗಿಲು ಹಾಕಬೇಕು, ಮೈದಾನದಲ್ಲಿದ್ದವರು ಮೊದಲೇ ಹೇಳಿದ ಜಾಗಕ್ಕೆ ಓಡಬೇಕು. ಪಿಟಿ ಪೀರಿಯಡ್‌ನಲ್ಲಿ ಅಭ್ಯಾಸ ಮಾಡಿಸಿ. ಸಣ್ಣವರಿಗೆ "ಕಳ್ಳ ಬಂದ, ಕೊಲ್ತಾನ" ಅಂತ ಹೆದರಿಸಬೇಡಿ, ಆಟಿಕೆ ಬಂದೂಕು ಹಿಡಿದು ನಾಟಕವನ್ನಂತೂ ಮಾಡಲೇಬೇಡಿ. ಗಂಟೆ ಆದರೆ ಹೀಗೆ ಮಾಡಬೇಕು ಅಂದರೆ ಮಕ್ಕಳು ಮಾಡುತ್ತಾರೆ.

ಫೋನು 112. ಕರೆ ಎತ್ತುವವರು ನಿಮ್ಮ ಊರಿನವರೇ ಆಗಿರುವುದಿಲ್ಲ. "ನಮ್ಮ ಹೊಸೂರು ಸಾಲಿ" ಅಂದರೆ ರಾಜ್ಯದಲ್ಲಿ ಎಷ್ಟು ಹೊಸೂರು ಇಲ್ಲ? ಶಾಲೆಯ ಪೂರ್ತಿ ಹೆಸರು, ಓಣಿ ಅಥವಾ ಊರು, ತಾಲೂಕು, ಜಿಲ್ಲೆ, ಹತ್ತಿರದ ಗುಡಿಯೋ ಬಸ್ ಸ್ಟಾಪೋ, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಆಫೀಸು, ಅಡುಗೆ ಕೋಣೆ ಎರಡೂ ಕಡೆ ಅಂಟಿಸಿ. ಗಾಬರಿಯಲ್ಲಿ ಹೆಡ್‌ಮಾಸ್ತರರಿಗೂ ತಾಲೂಕಿನ ಹೆಸರು ಬಾಯಿಗೆ ಬರುವುದಿಲ್ಲ. ಅಡುಗೆಯವರೂ ಕರೆ ಮಾಡಬಹುದು, ಯಾರ ಅಪ್ಪಣೆಯೂ ಬೇಡ ಅಂತ ಮೊದಲೇ ಹೇಳಿಡಿ. ಕಾಂಪೌಂಡ್ ಹಾರಿ ಬರುವವನನ್ನು ಎಷ್ಟೋ ಸಲ ಮೊದಲು ನೋಡುವವರು ಅವರೇ. ಗಾಯ ಆದರೆ 108. ಆಂಬುಲೆನ್ಸ್ ಬರುವ ತನಕ ರಕ್ತ ಸುರಿಯುವ ಜಾಗದ ಮೇಲೆ ಸ್ವಚ್ಛ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ನಿಂತಿತಾ ಅಂತ ಎತ್ತಿ ಎತ್ತಿ ನೋಡಬಾರದು.

ಕೇಳಿಸಿಕೊಳ್ಳುವ ಕೆಲಸ

ಎಲ್ಲಕ್ಕಿಂತ ಜಾಸ್ತಿ ಜೀವ ಉಳಿಸುವುದು ಇದು ಅಂತ ನನ್ನ ಅಭಿಪ್ರಾಯ. ಅಮೆರಿಕಾದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ ಅಲ್ಲಿಯ 37 ಶಾಲಾ ದಾಳಿಗಳನ್ನು ಅಧ್ಯಯನ ಮಾಡಿದವು. ಶೇ 81ರಷ್ಟು ಘಟನೆಗಳಲ್ಲಿ ದಾಳಿ ಮಾಡುವವನ ಯೋಚನೆ ಕನಿಷ್ಠ ಒಬ್ಬರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದವರಲ್ಲಿ ಬಹುಪಾಲು ಜೊತೆಯ ಹುಡುಗರು, ಗೆಳೆಯರು. ನಮ್ಮಲ್ಲೂ ಹಾಗೇ. ಯಾರ ಬ್ಯಾಗಿನಲ್ಲಿ ಚಾಕು ಇದೆ, ಯಾರು ಅದನ್ನು ಹಿಡಿದು ರೀಲ್ಸ್ ಮಾಡಿದ, ಯಾರು ಯಾವ ಹುಡುಗಿ ಹಿಂದೆ ಬಿದ್ದಿದ್ದಾನೆ, ಇದೆಲ್ಲ ಮಕ್ಕಳಿಗೆ ಗೊತ್ತಿರುತ್ತದೆ. ನಮಗೆ ಹೇಳುವುದಿಲ್ಲ, ಹೇಳಿದರೆ ಬೈಗುಳ ತಮಗೇ ಬೀಳುತ್ತದೆ ಅಂತ ಗೊತ್ತು.

ಹಾಗಾಗಿ ಶಾಲೆಯಲ್ಲಿ ಮಕ್ಕಳು ನಂಬುವ ಒಬ್ಬರನ್ನು ಆರಿಸಿ. ಅದು ಹೆಡ್‌ಮಾಸ್ತರರೇ ಆಗಬೇಕಿಲ್ಲ. ದೂರು ಪೆಟ್ಟಿಗೆ ಇಡುವುದಾದರೆ ಸ್ಟಾಫ್ ರೂಮಿನ ಎದುರು ಬೇಡ, ನೀರಿನ ಟ್ಯಾಂಕ್ ಹತ್ತಿರ ಇಡಿ. ವಾರಕ್ಕೊಮ್ಮೆ ಇಬ್ಬರು ಸೇರಿ ತೆಗೆಯಲಿ, ಒಬ್ಬರು ಹೊರಗಿನ ಪಾಲಕರಾಗಿರಲಿ. ಮಗು ಹೇಳಿದ್ದು ಸಿಬ್ಬಂದಿಯ ಮೇಲಿನ ದೂರಾಗಿದ್ದರೆ ಒಳಗೇ ಮುಚ್ಚಿಹಾಕಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ಕಿರುಕುಳದ ವಿಷಯ ಆದರೆ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಇರುವುದೇ ಅಪರಾಧ. ಹುಡುಗನೋ ಮಾಸ್ತರೋ ಮನಸ್ಸಿನಲ್ಲಿ ಕುಗ್ಗಿದ್ದಾರೆ, ಸಿಟ್ಟು ಹಿಡಿತಕ್ಕೆ ಬರುತ್ತಿಲ್ಲ ಅನ್ನಿಸಿದರೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಫೋನಿನಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416.

ಮನೆಯ ಬಂದೂಕಿನ ಬಗ್ಗೆಯೂ ಪಾಲಕರಿಗೆ ನೇರವಾಗಿ ಹೇಳಿ. ಕಲಘಟಗಿ, ಹಾನಗಲ್ ಕಡೆ ಕಾಡುಹಂದಿ ಕಾಟಕ್ಕೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ತೆಗೆದ ಮನೆಗಳಿವೆ. 2018ರ ಜನವರಿಯಲ್ಲಿ ಹರಿಯಾಣದ ಯಮುನಾನಗರದಲ್ಲಿ ಹನ್ನೆರಡನೇ ತರಗತಿಯ ಹುಡುಗ ಪ್ರಿನ್ಸಿಪಾಲರನ್ನು ಕೊಂದದ್ದು ತಂದೆಯ ಲೈಸೆನ್ಸ್ ರಿವಾಲ್ವರ್‌ನಿಂದ. 2024ರ ಜುಲೈನಲ್ಲಿ ಬಿಹಾರದ ಸುಪೌಲ್‌ನಲ್ಲಿ ನರ್ಸರಿ ಮಗುವೇ ಬ್ಯಾಗಿನಲ್ಲಿ ಬಂದೂಕು ತಂದು ಮೂರನೇ ತರಗತಿ ಹುಡುಗನ ಕೈಗೆ ಗುಂಡು ಹೊಡೆಯಿತು. ಬಂದೂಕು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ ಇರಲಿ. ಬೀಗದ ಕೈ ದೇವರ ಜಗಲಿ ಮೇಲಿನ ಮೊಳೆಗೆ ತೂಗುಹಾಕಬೇಡಿ, ಮನೆಯ ಮಕ್ಕಳಿಗೆ ಮೊದಲು ಗೊತ್ತಾಗುವ ಜಾಗ ಅದು.

ಇಷ್ಟಾದರೂ "ಆಯುಧ ಇರೋರು ಯಾರಾದ್ರೂ ಬೇಕ್ರೀ" ಅಂದರೆ ಅದು ಪೊಲೀಸರ ಕೆಲಸ. ಠಾಣೆಗೆ ಹೋಗಿ, ಬೆಳಿಗ್ಗೆ ಶಾಲೆ ಶುರುವಾಗುವಾಗ, ಸಂಜೆ ಬಿಡುವಾಗ ಬೀಟ್ ಪೊಲೀಸರು ಗೇಟಿನ ಹತ್ತಿರ ಒಂದು ಸುತ್ತು ಬರಲಿ ಅಂತ ಬರವಣಿಗೆಯಲ್ಲಿ ಕೇಳಿ. ಮಕ್ಕಳಿಗೆ ಠಾಣೆ ತೋರಿಸುವ ಪೊಲೀಸರ 'ತೆರೆದ ಮನೆ' ಕಾರ್ಯಕ್ರಮಕ್ಕೆ ಅವರನ್ನು ಕರೆದುಕೊಂಡು ಹೋಗಿ, ಖಾಕಿ ನೋಡಿದರೆ ಓಡುವುದು ನಿಲ್ಲುತ್ತದೆ. ಖಾಸಗಿ ಶಾಲೆಗೆ ಕಾವಲುಗಾರ ಬೇಕಿದ್ದರೆ ನಮ್ಮ ಜಿಲ್ಲೆಗಳಲ್ಲಿ ನಿವೃತ್ತ ಸೈನಿಕರು ಬೇಕಾದಷ್ಟಿದ್ದಾರೆ. ಬಂದೂಕಿಲ್ಲದೆಯೇ ಅವರು ಗೇಟಿನಲ್ಲಿ ನಿಂತು "ಯಾರು ನೀವು, ಯಾರನ್ನ ನೋಡಬೇಕು" ಅಂತ ಕೇಳಿದರೆ ಬಹಳಷ್ಟು ಕೆಲಸ ಆಗುತ್ತದೆ. ಮಗುವನ್ನು ಯಾರು ಕರೆದೊಯ್ಯಬಹುದು ಅನ್ನುವ ಹೆಸರು, ಫೋಟೋ ಇರುವ ಪಟ್ಟಿ ಅವರ ಹತ್ತಿರ ಇರಲಿ. ಪಟ್ಟಿಯಲ್ಲಿ ಇಲ್ಲದವರು ಸೋದರಮಾವ ಅಂದರೂ ತಾಯಿಗೆ ಫೋನ್ ಮಾಡದೆ ಬಿಡಬಾರದು.

ಕಡೆಗೆ ಇದನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಬರೆಸಿ. ಶಾಲಾ ಸುರಕ್ಷತೆಯ ಹೊಣೆ ಆಡಳಿತದ್ದೇ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ಅದನ್ನು ಉಲ್ಲೇಖಿಸಿ. ಯಾವ ಕೆಲಸ, ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಅಂತ ಹೆಸರು ಸಮೇತ ಬರೆಯಿರಿ. ಬಂದೂಕು ಕೇಳಿದ ಪಾಲಕರ ಹೆಸರನ್ನೇ ಸುರಕ್ಷತಾ ಸಮಿತಿಯಲ್ಲಿ ಮೊದಲು ಹಾಕಿ, ಮನಸ್ಸಿಟ್ಟು ಓಡಾಡುವವರು ಅವರೇ. ಒಂದು ಪ್ರತಿ ಬಿಇಒ ಆಫೀಸಿಗೆ, ಒಂದು ಪ್ರತಿ ಠಾಣೆಗೆ ಕೊಟ್ಟು ಎರಡೂ ಕಡೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.