37 ದಿನ, ಏಳು ಚೀಟಿ

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮೊದಲನೇ ಮಹಾಯುದ್ಧದ ಪಾಠವನ್ನು ಹಲವು ವರ್ಷ ಒಂದೇ ರೀತಿ ಮಾಡಿದೆ. ಬೋರ್ಡಿನ ಮೇಲೆ ಕಾರಣಗಳ ಪಟ್ಟಿ: ಗುಪ್ತ ಒಪ್ಪಂದ, ಸೈನ್ಯದ ಪೈಪೋಟಿ, ವಸಾಹತುಗಳ ಆಸೆ. ಮಕ್ಕಳು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಿದ್ದರು. ಒಂದು ಸಲ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಂ, ಈ ಜಗಳ ಎಲ್ಲ ಮೊದಲಿಂದಾನೂ ಇತ್ತಲ್ವಾ? ಮತ್ತೆ 1914ರಲ್ಲೇ ಯಾಕೆ?"

ನನ್ನ ಪಟ್ಟಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. 1871ರಲ್ಲಿ ಜರ್ಮನಿ ಅಲ್ಸೇಸ್-ಲೊರೇನ್ ಕಿತ್ತುಕೊಂಡಾಗಿನಿಂದ ಫ್ರಾನ್ಸಿಗೆ ಸಿಟ್ಟಿತ್ತು. ಯುದ್ಧನೌಕೆ ಕಟ್ಟುವುದರಲ್ಲಿ ಬ್ರಿಟನ್‌ಗೂ ಜರ್ಮನಿಗೂ ವರ್ಷಗಟ್ಟಲೆ ಮೇಲಾಟ ನಡೆದಿತ್ತು. 1905ರಲ್ಲಿ ಮೊರಾಕೊ, 1908ರಲ್ಲಿ ಬೋಸ್ನಿಯಾ, 1911ರಲ್ಲಿ ಮತ್ತೆ ಮೊರಾಕೊ ವಿಚಾರಕ್ಕೆ ದೊಡ್ಡ ದೇಶಗಳ ನಡುವೆ ಬಿಕ್ಕಟ್ಟು. ಮೂರು ಸಲವೂ ಮಹಾಯುದ್ಧ ತಪ್ಪಿತ್ತು.

ಮುಂದಿನ ವರ್ಷ ಪಟ್ಟಿ ಬಿಟ್ಟೆ. ಆಸ್ಟ್ರಿಯಾ, ಸರ್ಬಿಯಾ, ರಷ್ಯಾ, ಜರ್ಮನಿ, ಫ್ರಾನ್ಸ್, ಬೆಲ್ಜಿಯಂ, ಬ್ರಿಟನ್ ಎಂದು ಏಳು ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟೆ. ಯಾರ ಜೊತೆ ನಿಲ್ಲಬೇಕು, ಯಾರನ್ನು ಕಂಡರೆ ಭಯ, ಅಷ್ಟೇ ಅದರಲ್ಲಿತ್ತು. ಬ್ರಿಟನ್ ಚೀಟಿಯಲ್ಲಿ, ಬೆಲ್ಜಿಯಂ ತಟಸ್ಥವಾಗಿರಲು ಬಿಡುತ್ತೇವೆ ಎಂದು 1839ರಲ್ಲಿ ಕೊಟ್ಟ ಮಾತೂ ಇತ್ತು. ಆಮೇಲೆ ಬೋರ್ಡಿನ ಮೇಲೆ ದಿನಾಂಕ ಬರೆಯುತ್ತಾ ಹೋದೆ.

ಜೂನ್ 28, ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ. ಜುಲೈ 5, ಏನೇ ಆದರೂ ನಿಮ್ಮ ಜೊತೆ ಇದ್ದೇವೆ ಎಂದು ಆಸ್ಟ್ರಿಯಾಕ್ಕೆ ಜರ್ಮನಿಯ ಭರವಸೆ. ಜುಲೈ 23, ಕೊಲೆಗೆ ಸರ್ಬಿಯಾವೇ ಕಾರಣ ಎಂದು ದೂರಿ ಆಸ್ಟ್ರಿಯಾ ಅದಕ್ಕೆ ಷರತ್ತು ಹಾಕಿ ಕೊಟ್ಟ 48 ಗಂಟೆಗಳ ಗಡುವು. ಸರ್ಬಿಯಾ ಬಹುಪಾಲು ಷರತ್ತು ಒಪ್ಪಿದರೂ ಜುಲೈ 28ಕ್ಕೆ ಆಸ್ಟ್ರಿಯಾ ಯುದ್ಧ ಸಾರಿತು. ಜುಲೈ 30ಕ್ಕೆ ಸರ್ಬಿಯಾದ ಪರ ನಿಂತ ರಷ್ಯಾ ಪೂರ್ತಿ ಸೈನ್ಯ ಜಮಾಯಿಸಲು ಆದೇಶ ಕೊಟ್ಟಿತು.

ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಜರ್ಮನಿಗೆ ಎರಡೂ ಕಡೆ ಶತ್ರು: ಪೂರ್ವಕ್ಕೆ ರಷ್ಯಾ, ಪಶ್ಚಿಮಕ್ಕೆ ಅದರ ಮಿತ್ರ ಫ್ರಾನ್ಸ್. ರಷ್ಯಾದ ಸೈನ್ಯ ನಿಧಾನವಾಗಿ ಸೇರುತ್ತದೆ, ಅಷ್ಟರಲ್ಲಿ ಬೆಲ್ಜಿಯಂ ಮೂಲಕ ನುಗ್ಗಿ ಫ್ರಾನ್ಸನ್ನು ಮುಗಿಸಬೇಕು ಅನ್ನೋದು ಅದರ ಯೋಜನೆ. ಅಂದರೆ ರಷ್ಯಾ ಶುರುಮಾಡಿದ ಮೇಲೆ ಸುಮ್ನೆ ಕಾದ ಪ್ರತಿ ದಿನವೂ ನಷ್ಟ. ಜರ್ಮನಿ ಚೀಟಿಯ ಹುಡುಗ ತಾನಾಗೇ ಹೇಳಿದ, "ನಾನು ಕಾದರೆ ಕೆಟ್ಟೆ ಮೇಡಂ." ಆಗಸ್ಟ್ 1ರಂದು ಜರ್ಮನಿಯ ದೊರೆ ಕೈಸರ್ ವಿಲ್ಹೆಲ್ಮ್, ಸೈನ್ಯವನ್ನು ಪೂರ್ವಕ್ಕೆ ಮಾತ್ರ ಕಳಿಸೋಣ ಎಂದಾಗ ಸೇನಾ ಮುಖ್ಯಸ್ಥ ಮೋಲ್ಟ್ಕೆ ಆಗುವುದಿಲ್ಲ ಎಂದ. ಲಕ್ಷಾಂತರ ಜನರನ್ನು ಸಾಗಿಸುವ ರೈಲುಗಳ ವೇಳಾಪಟ್ಟಿಯನ್ನು ಆ ಹೊತ್ತಿನಲ್ಲಿ ತಿರುಗಿಸಲು ಬರುವುದಿಲ್ಲ ಅನ್ನೋದು ಅವನ ವಾದ. "ರಾಜನೇ ಹೇಳಿದ್ರೂ ಆಗ್ಲಿಲ್ವಾ?" ಎಂದು ಕೇಳಿದವನ ಮುಖ ನನಗೆ ಇನ್ನೂ ನೆನಪಿದೆ. ಆಗಸ್ಟ್ 4ಕ್ಕೆ ಜರ್ಮನಿ ಬೆಲ್ಜಿಯಂಗೆ ನುಗ್ಗಿತು, ಬ್ರಿಟನ್ ಯುದ್ಧಕ್ಕಿಳಿಯಿತು.

ಮೊದಲ ಸಲ ಒಂದು ತಪ್ಪಾಯಿತು. ರೈಲಿನಿಂದಲೇ ಯುದ್ಧ ಆಯಿತು ಎಂದು ಮಕ್ಕಳು ಬರೆದರು. ಆ ವೇಳಾಪಟ್ಟಿ ಮಾಡಿದವರೂ, ಜುಲೈ 5ರ ಭರವಸೆ ಕೊಟ್ಟವರೂ ಮನುಷ್ಯರೇ. ಅದಕ್ಕೇ ಈಗ ಕೊನೆಗೆ ಪ್ರತಿ ಚೀಟಿಯವರನ್ನೂ ಕೇಳುತ್ತೇನೆ: ನೀನು ಯಾವ ದಿನ ನಿಲ್ಲಿಸಬಹುದಿತ್ತು?

ಇನ್ನೊಂದು ಪೀರಿಯಡ್‌ನಲ್ಲಿ 1911ರ ಮೊರಾಕೊ ಬಿಕ್ಕಟ್ಟನ್ನೂ ಹೀಗೇ ಆಡಿಸುತ್ತೇನೆ. ಜುಲೈ 1ಕ್ಕೆ ಜರ್ಮನಿಯ ಯುದ್ಧನೌಕೆ ಮೊರಾಕೊದ ಅಗಾದಿರ್ ಬಂದರಿಗೆ ಬಂತು. ಮಾತುಕತೆ ಎಳೆದಾಡಿ, ನವೆಂಬರ್ 4ಕ್ಕೆ ಫ್ರಾನ್ಸ್‌ಗೂ ಜರ್ಮನಿಗೂ ಒಪ್ಪಂದವಾಯಿತು. ಮಕ್ಕಳು ಎರಡೂ ಕ್ಯಾಲೆಂಡರನ್ನು ಪಕ್ಕಪಕ್ಕ ಇಟ್ಟು ದಿನ ಎಣಿಸುತ್ತಾರೆ.