ಮಾಮೂಲಿ ಸಿಟಿ ಸ್ಕ್ಯಾನಿನಲ್ಲೇ ರಕ್ತದ ಹೆಪ್ಪು ಪತ್ತೆ ಹಚ್ಚಿದ್ದು: ನನ್ನ ಅನುಭವ

ವೈರಸ್ ನ್ಯುಮೋನಿಯಾ ಇದ್ದವರ ಶ್ವಾಸಕೋಶದಲ್ಲಿ ಹೆಪ್ಪು ಕಟ್ಟಿ ಎಲ್ಲೆಲ್ಲಿ ರಕ್ತ ಹರಿಯುತ್ತಿಲ್ಲ ಅಂತ ನೋಡಬೇಕಾದರೆ ಡ್ಯುಯಲ್ ಎನರ್ಜಿ ಮಷೀನ್ (ಎರಡು ಶಕ್ತಿಯ ಎಕ್ಸ್-ರೇ ಬಳಸುವ ಸಿಟಿ) ಬೇಕೇ ಬೇಕು ಎನ್ನುತ್ತಿದ್ದರು. ಬೇಕಿಲ್ಲ. ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚುವ ಅಯೋಡಿನ್ ದ್ರವ) ಇಲ್ಲದೆ ಒಂದು ಸ್ಕ್ಯಾನ್, ಕಾಂಟ್ರಾಸ್ಟ್ ಕೊಟ್ಟು ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಅಯೋಡಿನ್ ಮಾತ್ರ. ಅಂದರೆ ರಕ್ತದ ನಕ್ಷೆ, ರಕ್ತ ಹೋಗದ ಕಡೆ ಕಪ್ಪು. ಇದನ್ನು ಮಾಮೂಲಿ ಸಿಟಿಯಲ್ಲೇ ಮಾಡಿದ್ದೇವೆ.

ಇದರ ಹಿಂದೆ ಬಿದ್ದದ್ದು 2020ರಲ್ಲಿ. ಕೋವಿಡ್ ಬಂದವರಲ್ಲಿ ಡಿ-ಡೈಮರ್ (ಹೆಪ್ಪಿನ ಸುಳಿವು ಕೊಡುವ ರಕ್ತ ಪರೀಕ್ಷೆ) ಎಷ್ಟೋ ಜನರಿಗೆ ಜಾಸ್ತಿ. ಅದನ್ನು ನಂಬಿ ಯಾರನ್ನು ಸ್ಕ್ಯಾನಿಗೆ ಕಳಿಸೋದು, ಯಾರನ್ನು ಬಿಡೋದು? ಕಾಲಿನ ಡಾಪ್ಲರ್ (ರಕ್ತನಾಳದ ಅಲ್ಟ್ರಾಸೌಂಡ್) ಮಾಡಿದರೆ ಎಷ್ಟೋ ಜನರಲ್ಲಿ ಏನೂ ಸಿಗುತ್ತಿರಲಿಲ್ಲ. ಹೆಪ್ಪು ಶ್ವಾಸಕೋಶದ ಸಣ್ಣ ನಾಳಗಳಲ್ಲೇ ಕಟ್ಟುತ್ತಿತ್ತು. ಅದೇ ವರ್ಷ ನೆದರ್ಲ್ಯಾಂಡ್ಸ್‌ನವರು ಐಸಿಯುನ 184 ಕೋವಿಡ್ ರೋಗಿಗಳಲ್ಲಿ ಶೇಕಡಾ 31ರಷ್ಟು ಜನರಿಗೆ ಹೆಪ್ಪಿನ ತೊಂದರೆ ಕಂಡಿದ್ದಾಗಿ ಬರೆದರು. ಅದರಲ್ಲಿ ಬಹುಪಾಲು ಶ್ವಾಸಕೋಶದ್ದೇ. ಅದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಮೊದಮೊದಲು ಬಂದ ನಕ್ಷೆಗಳು ಕಸ. ಉಸಿರೇ ಶತ್ರು. ಎರಡು ಸ್ಕ್ಯಾನಿನ ನಡುವೆ ವಪೆ (ಎದೆ-ಹೊಟ್ಟೆ ನಡುವಿನ ಪರದೆ) ಒಂದು ಸೆಂಟಿಮೀಟರ್ ಸರಿದರೂ ಶ್ವಾಸಕೋಶದ ಕೆಳಗಿನ ಲೋಬು (ಭಾಗ) ಪೂರ್ತಿ ಸುಳ್ಳು ಹೇಳುತ್ತದೆ. ‘ಜೋರಾಗಿ ಉಸಿರೆಳೆದು ಹಿಡಿಯಿರಿ’ ಅನ್ನೋದನ್ನು ಬಿಟ್ಟೆವು. ಜೋರಾಗಿ ಎಳೆದರೆ ಹೊಟ್ಟೆ ಕಡೆಯಿಂದ ಕಾಂಟ್ರಾಸ್ಟ್ ಇಲ್ಲದ ರಕ್ತ ಹೃದಯಕ್ಕೆ ನುಗ್ಗಿ, ಪಲ್ಮನರಿ ಆರ್ಟರಿಯೇ (ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳ) ಮಂಕಾಗುತ್ತದೆ. ಈಗ ಸಹಜ ಉಸಿರಿನಲ್ಲೇ ನಿಲ್ಲಿಸಲು ಹೇಳುತ್ತೇವೆ, ಟೇಬಲ್ ಮೇಲೆ ಮಲಗಿಸಿಯೇ ಅಭ್ಯಾಸ ಮಾಡಿಸುತ್ತೇವೆ. ವೆಂಟಿಲೇಟರ್‌ನಲ್ಲಿ ಇರುವವರ ನಕ್ಷೆ ಇನ್ನೂ ಚೆನ್ನಾಗಿ ಬರುತ್ತದೆ. ಎರಡು ಸಲವೂ ಒಂದೇ ಒತ್ತಡದಲ್ಲಿ ನಿಲ್ಲಿಸಬಹುದು ಅಲ್ವಾ!

ಇನ್ನೊಂದು ಕಾಟ ಸಮಯದ್ದು. ಪಲ್ಮನರಿ ಆರ್ಟರಿ ಹೊಳೆಯುವ ಹೊತ್ತಿಗೇ ಸ್ಕ್ಯಾನ್ ಹೊಡೆದರೆ ಆಂಜಿಯೋ (ನಾಳಗಳ ಚಿತ್ರ) ಚಂದ, ನಕ್ಷೆ ಅರೆಬರೆ. ಸಣ್ಣ ನಾಳಗಳು ಇನ್ನೂ ತುಂಬಿರುವುದಿಲ್ಲ. ಆರ್ಟರಿಯ ಹೊಳಪು 100 ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಹೊಳಪಿನ ಅಳತೆ) ದಾಟಿದ ಮೇಲೆ ನಾಲ್ಕೈದು ಸೆಕೆಂಡ್ ಜಾಸ್ತಿ ಕಾದೆವು, ಸರಿಹೋಯಿತು. ಕಾಂಟ್ರಾಸ್ಟಿನ ಹಿಂದೆಯೇ 40 ಮಿಲಿಯಷ್ಟು ಸಲೈನ್ ಬಿಡದಿದ್ದರೆ ಎಸ್‌ವಿಸಿಯಿಂದ (ಹೃದಯಕ್ಕೆ ಬರುವ ಮೇಲಿನ ದೊಡ್ಡ ಅಭಿಧಮನಿ) ಗೆರೆಗಳು ಬಂದು ಬಲ ಮೇಲಿನ ಲೋಬು ಹಾಳಾಗುತ್ತದೆ.

ದುಡ್ಡಿನ ವಿಷಯ. ಹೊಸ ಮಷೀನಿನ ಮಾತು ಎತ್ತುವ ಹಾಗೇ ಇರಲಿಲ್ಲ. ಕಂಪನಿಯ ಸಾಫ್ಟ್‌ವೇರಿಗೂ ಬೇರೆ ಲೈಸೆನ್ಸ್ ದುಡ್ಡು. ಚಿತ್ರ ಕಳೆಯುವ ಕೆಲಸವನ್ನು ಪುಕ್ಕಟೆ ಸಿಗುವ ಥ್ರೀಡಿ ಸ್ಲೈಸರ್‌ನಲ್ಲೇ ಮಾಡಿಕೊಂಡೆವು. ಅದು ರೋಗನಿರ್ಣಯಕ್ಕೆ ಮಂಜೂರಾದದ್ದಲ್ಲ. ಹಾಗಾಗಿ ನಕ್ಷೆ ನಮಗೆ ದಾರಿ ತೋರಿಸುತ್ತದೆ ಅಷ್ಟೆ, ರಿಪೋರ್ಟ್ ಬರೆಯುವುದು ಆಂಜಿಯೋ ನೋಡಿಯೇ. ಉಳಿತಾಯ ಆದದ್ದು ಕಾಂಟ್ರಾಸ್ಟಿನಲ್ಲಿ. ಕೆವಿ (ಎಕ್ಸ್-ರೇಯ ವೋಲ್ಟೇಜ್) 120ರಿಂದ 80ಕ್ಕೆ ಇಳಿಸಿದರೆ ಅಯೋಡಿನ್ ಜಾಸ್ತಿ ಹೊಳೆಯುತ್ತದೆ. ತೆಳ್ಳಗಿನವರಿಗೆ 75 ಮಿಲಿಯ ಕಡೆ 50 ಸಾಕಾಯಿತು. ಬಾಟಲಿ ಖರ್ಚಿನಲ್ಲಿ ಮೂರನೇ ಒಂದು ಭಾಗ ಉಳಿಯಿತು, ಕಿಡ್ನಿಗೂ ಒಳ್ಳೆಯದು. ಎರಡು ಚಿತ್ರವನ್ನು ಹೊಂದಿಸುವಾಗ ಯಾವ ಹಂತ ಮೊದಲು, ಎಷ್ಟು ನಯ ಮಾಡಬೇಕು ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಹಳ ರಾತ್ರಿ ಕೂತು ಗಳಿಸಿದ್ದು ಅದು.

‘ಬಣ್ಣ ನೋಡಿಕೊಂಡು ಹೆಪಾರಿನ್ (ಹೆಪ್ಪು ತಡೆಯುವ ಔಷಧಿ) ಹಾಕೋಕಾಗುತ್ತಾ ಡಾಕ್ಟ್ರೇ? ನ್ಯುಮೋನಿಯಾ ಇದ್ದ ಕಡೆಯೂ ಕಪ್ಪಗೇ ಕಾಣುತ್ತಲ್ಲ’ ಎಂದು ಐಸಿಯುನ ಹಿರಿಯರೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ಲಂಗ್ ವಿಂಡೋದಲ್ಲಿ (ಶ್ವಾಸಕೋಶ ಚೆನ್ನಾಗಿ ಕಾಣುವಂತೆ ಹೊಳಪು ಹೊಂದಿಸಿದ ಸಿಟಿ ಚಿತ್ರ). ಅದನ್ನು ನಕ್ಷೆಯ ಪಕ್ಕದಲ್ಲೇ ಇಡಬೇಕು. ಕನ್ಸಾಲಿಡೇಶನ್ (ನ್ಯುಮೋನಿಯಾದಿಂದ ಶ್ವಾಸಕೋಶ ಗಟ್ಟಿಯಾಗಿರುವುದು) ಇದ್ದಲ್ಲಿ ಕಪ್ಪು ಕಂಡರೆ ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಶ್ವಾಸಕೋಶ ಶುಭ್ರವಾಗಿದ್ದು, ಪ್ಲೂರಾದ (ಶ್ವಾಸಕೋಶದ ಹೊರಪೊರೆ) ಕಡೆ ಅಗಲವಾಗಿ ತ್ರಿಕೋನದಂತೆ ಕಪ್ಪಾಗಿದ್ದರೆ ಬಿಡುವುದಿಲ್ಲ. ಒಣಗಿದ ಎಲೆ ನೋಡಿ ಮುರಿದ ಕೊಂಬೆ ಹುಡುಕಿದ ಹಾಗೆ, ಅಲ್ಲಿಂದ ನಾಳದ ಬೆನ್ನು ಹತ್ತಿ ಹಿಲಮ್ (ನಾಳಗಳು ಶ್ವಾಸಕೋಶ ಹೊಕ್ಕುವ ಜಾಗ) ಕಡೆಗೆ ಬರುತ್ತೇನೆ.

ಅದೇ ಹಿರಿಯರ ರೋಗಿಯೊಬ್ಬರಿಗೆ ನ್ಯುಮೋನಿಯಾ ಕರಗುತ್ತಿತ್ತು, ಆಕ್ಸಿಜನ್ ಮಾತ್ರ ಇಳಿಯುತ್ತಿತ್ತು. ಆಂಜಿಯೋ ಮೊದಲ ನೋಟಕ್ಕೆ ನಾರ್ಮಲ್. ನಕ್ಷೆಯಲ್ಲಿ ಬಲ ಕೆಳಲೋಬಿನ ಹಿಂಭಾಗ ಒಂದು ಕಪ್ಪು ತುಂಡು. ಅದರ ಜಾಡು ಹಿಡಿದು ವಿಂಡೋವನ್ನು (ಚಿತ್ರದ ಹೊಳಪಿನ ಹದ) 700/100ಕ್ಕೆ ಇಟ್ಟು ಒಂದೊಂದೇ ಮಿಲಿಮೀಟರ್ ಸರಿಸಿದಾಗ, ಪೋಸ್ಟೀರಿಯರ್ ಬೇಸಲ್ (ಹಿಂಬದಿ ತಳದ) ಕವಲಿನಲ್ಲಿ ಬೂದು ಚುಕ್ಕೆ, ಸುತ್ತ ಬಿಳಿ ಅಂಚು. ಅದೇ ಹೆಪ್ಪು. ಮೂರ್ನಾಲ್ಕು ಸ್ಲೈಸಿನಲ್ಲಿ ಅಷ್ಟೇ ಇತ್ತು. ಹಿರಿಯರು ಬಂದು ನೋಡಿ, ಮಾತಾಡದೆ ಹೆಪಾರಿನ್ ಬರೆದರು.

ನಡುವೆ ಬೇರೆ ಪ್ರಯೋಗಗಳೂ ಆದವು. ಕಾಂಟ್ರಾಸ್ಟ್ ಕೊಡಲಾಗದ ಕಿಡ್ನಿ ರೋಗಿಗಳಿಗೆ ಟೆಕ್ನೀಷಿಯಂ ಎಂಎಎ (ಶ್ವಾಸಕೋಶದ ರಕ್ತದ ಹರಿವು ತೋರಿಸುವ ವಿಕಿರಣ ಕಣಗಳು) ಕೊಟ್ಟು ಸ್ಪೆಕ್ಟ್-ಸಿಟಿ (ಆ ವಿಕಿರಣದ ಚಿತ್ರದ ಜೊತೆ ಸಿಟಿ) ಮಾಡಿದೆವು. ಸೋಂಕು ಹರಡುವ ಭಯಕ್ಕೆ ವೆಂಟಿಲೇಷನ್ ಭಾಗ (ಉಸಿರಿನ ಗಾಳಿ ಎಲ್ಲೆಲ್ಲಿ ಹೋಗುತ್ತದೆ ಅಂತ ನೋಡುವುದು) ಬಿಟ್ಟೆವು, ಅದರ ಜಾಗಕ್ಕೆ ಸಿಟಿಯೇ ಆಯಿತು. ಚೆನ್ನಾಗಿಯೇ ಬಂತು, ಆದರೆ ನಿಧಾನ. ಬೋರಲು ಮಲಗಿದ್ದವರನ್ನು ಹಾಗೆಯೇ ಸ್ಕ್ಯಾನ್ ಮಾಡಿದಾಗ ರಕ್ತ ಎದೆಯ ಮುಂಭಾಗಕ್ಕೆ ಸರಿದಿತ್ತು. ಹಾಗಾಗಿ ನಕ್ಷೆ ಓದುವ ಮುಂಚೆ ರೋಗಿ ಹೇಗೆ ಮಲಗಿದ್ದರು ಅಂತ ಕೇಳಲೇಬೇಕು.

ಒಂದು ಲೋಬು ಪೂರ್ತಿ ಗಟ್ಟಿಯಾಗಿದ್ದರೆ ಈ ವಿಧಾನ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಆಂಜಿಯೋ ಒಂದೇ ಗತಿ. ಈಗ ಇನ್‌ಫ್ಲುಯೆಂಜಾ ನ್ಯುಮೋನಿಯಾದವರಿಗೂ ಇದನ್ನೇ ಮಾಡುತ್ತಿದ್ದೇವೆ. ಹೆಪ್ಪಿಗೆ ಕೊಟ್ಟ ಮೂರು ತಿಂಗಳ ಔಷಧಿ ಮುಗಿದ ಮೇಲೂ ಉಬ್ಬಸ ಉಳಿದವರಿಗೆ ಇನ್ನೊಂದು ನಕ್ಷೆ ತೆಗೆದು ಹಳೆಯದರ ಪಕ್ಕ ಇಡುತ್ತೇವೆ.